ಹವಳಕ್ಕೆ ಏಳು ತಟ್ಟಿ

ತಾಲ್ಲೂಕು ಬೆಳಕು ವಿಸ್ತರಣಾ ಕಚೇರಿಯ ಕರ್ತವ್ಯ ಬೆಳಕಿಲ್ಲದ ಊರುಗಳಿಗೆ ಬೆಳಕು ಕೊಡುವುದು. 2003ರ ಮಾರ್ಚ್ ಮೂವತ್ತೊಂದರಂದು ಮಿಕ್ಕ ಅನುದಾನ ವಾಪಸ್ ಹೋಗುವ ಅಪಾಯ ಕಂಡುಬಂದದ್ದರಿಂದ ಆ ಕಚೇರಿ ಒಂದು ಗಾಜಿನ ತೊಟ್ಟಿ, ಅದಕ್ಕೆ ಬೇಕಾದಷ್ಟು ಉಪ್ಪುನೀರು ಮತ್ತು ಹನ್ನೊಂದು ಜೀವಂತ ಹವಳಗಳನ್ನು ಖರೀದಿಸಿತು. ಸಮುದ್ರ ಚಿಕ್ಕನಾಯಕನಹಳ್ಳಿಗೆ ಬಂದದ್ದು ಅದೇ ಮೊದಲಾದ್ದರಿಂದ ಕಡತದಲ್ಲಿ ಯಾರೂ ಆಕ್ಷೇಪಣೆ ಬರೆಯಲಿಲ್ಲ.

ತೊಟ್ಟಿಯ ಜವಾಬ್ದಾರಿ ಅಟೆಂಡರ್ ಜುಂಜೇಶನ ತಲೆಗೆ ಬಂತು. ಅವನದು ಕೆಂಕೆರೆ ಪಕ್ಕದ ಗೊಲ್ಲರಹಟ್ಟಿ. ಅಲ್ಲಿ ಕಂಬ ನೆಟ್ಟು ನಾಲ್ಕು ವರ್ಷವಾಗಿತ್ತು, ತಂತಿ ಎಳೆದು ಎರಡು ವರ್ಷ, ಮನೆಮನೆಗೂ ಬಲ್ಬು ಸಿಕ್ಕಿಸಿ ಒಂದು ವರ್ಷ. ಕರೆಂಟು ಬಿಡಲು ಸಾಹೇಬರ ಸಹಿ ಮಾತ್ರ ಬಾಕಿ. ಅವ್ವ ಚಿತ್ತಮ್ಮ ದಿನಾ ಸಂಜೆ ಅದನ್ನೇ ಕೇಳುತ್ತಿದ್ದಳು.

“ಸಾರಲ್ಲಿ ಬಿದ್ದಿರೋದು ಮೆಣ್ಸಿನ್ಕಾಯೋ ಜಿರ್ಲೆಯೋ ಗೊತ್ತಾದ್ರೆ ಸಾಕು ಕಣ್ಲಾ. ಇನ್ನೇನೂ ಬ್ಯಾಡ ನಂಗೆ.”

ಏಪ್ರಿಲ್‌ನಲ್ಲಿ ತೊಟ್ಟಿಗೆ ಹೊಸ ದೀಪ ಬಂತು. ಹಳೆಯ ಟ್ಯೂಬ್‌ಲೈಟಿಗಿಂತ ಆರು ಪಟ್ಟು ಪ್ರಖರ. ಹೆಚ್ಚಿನ ಬೆಳಕನ್ನು ಹವಳಗಳಿಗೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು, ತಪ್ಪಿದರೆ ಬಿಳಿಚಿಕೊಂಡು ಸಾಯುತ್ತವೆ ಎಂದು ಜೊತೆಗೆ ಬಂದ ಚೀಟಿಯಲ್ಲಿತ್ತು. ಸಾಹೇಬರಾದ ಸದಾಶಿವಯ್ಯನವರು ಅದನ್ನೋದಿ, ಒಂದು ಹವಳ ಸತ್ತರೂ ಜುಂಜೇಶನ ಕೆಲಸ ಹೋಗತಕ್ಕದ್ದು ಎಂದು ಷರಾ ಬರೆದರು.

ಜುಂಜೇಶ ತೆಂಗಿನ ಗರಿ ಹೆಣೆದು ಏಳು ಸಣ್ಣ ತಟ್ಟಿ ಮಾಡಿದ. ದೀಪಕ್ಕೂ ನೀರಿಗೂ ನಡುವೆ ಏಳನ್ನೂ ಒಂದರ ಮೇಲೊಂದು ಇಟ್ಟು, ವಾರಕ್ಕೊಂದು ತೆಗೆಯುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ.

“ಇದು ಯಾವ ಪುಸ್ತಕದಲ್ಲಿದೆಯಪ್ಪ?” ಎಂದರು ಸಾಹೇಬರು.

“ಪುಸ್ತಕ ಇಲ್ಲ ಸಾ. ಕೊಬ್ರಿ ಆಗ್ಲಿ ಅಂತ ಕಾಯಿನ ವರ್ಷಗಟ್ಲೆ ಅಟ್ಟದ ನೆರಳಲ್ಲಿ ಇಡ್ತಾರಲ್ಲ, ಹಂಗೇಯ. ಆತ್ರ ಬಿದ್ರೆ ಕೆಟ್ಟೋಯ್ತದೆ.”

ಮೂರು ತಟ್ಟಿ ತೆಗೆಯುವ ಹೊತ್ತಿಗೆ ಹವಳಗಳು ಹಸಿರಾಗಿ, ನೇರಳೆಯಾಗಿ ಲಕಲಕ ಎನ್ನುತ್ತಿದ್ದವು. ಆಗ ಜಿಲ್ಲೆಯಿಂದ ಮೇಲಧಿಕಾರಿಗಳು ತಪಾಸಣೆಗೆ ಬಂದರು. ಬೆಳಕಿನ ಕಚೇರಿಯಲ್ಲಿ ಬೆಳಕಿಗೇ ಅಡ್ಡವೇ ಎಂದು ಕೇಳಿ, ಉಳಿದ ನಾಲ್ಕನ್ನೂ ತಮ್ಮ ಅಮೃತಹಸ್ತದಿಂದ ತೆಗೆದುಹಾಕಿ ಫೋಟೊ ಹೊಡೆಸಿಕೊಂಡರು. ಐದನೆಯ ದಿನಕ್ಕೆ ಹನ್ನೊಂದೂ ಹವಳ ಕೊಬ್ಬರಿ ತುರಿಯಂತೆ ಬೆಳ್ಳಗಾದವು.

ವಿಚಾರಣೆ ನಡೆಯಿತು. ಮೇಲಧಿಕಾರಿಗಳು ತಪ್ಪು ಮಾಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ಜುಂಜೇಶನದೇ ತಪ್ಪು ಎನ್ನಲು ಆ ಫೋಟೊ ಅಡ್ಡಬಂತು. ಕೊನೆಗೆ ತಪ್ಪೆಲ್ಲ ಬೆಳಕಿನದೇ ಎಂದು ತೀರ್ಮಾನವಾಗಿ ಅವನ ಕೆಲಸ ಉಳಿಯಿತು. ಅವನು ಹಟ್ಟಿಯ ದೇವರು ಜುಂಜಪ್ಪನಿಗೆ ಕಾಯಿ ಒಡೆಸಿದ. ಮಾರನೆಯ ದಿನ ಸುತ್ತೋಲೆ ಹೊರಟಿತು:

“ಈ ಕಚೇರಿಯ ವ್ಯಾಪ್ತಿಗೆ ಬರುವ ಯಾವುದೇ ಜೀವಿಗೆ, ಅದು ಹವಳವಾಗಿರಲಿ ಹಟ್ಟಿಯಾಗಿರಲಿ, ಒಮ್ಮೆಲೇ ಪೂರ್ಣ ಬೆಳಕು ನೀಡತಕ್ಕದ್ದಲ್ಲ. ಪ್ರತಿ ಬಲ್ಬಿನ ಸುತ್ತ ಏಳು ತಟ್ಟಿ ಕಟ್ಟತಕ್ಕದ್ದು. ಯಾರೂ ಬಿಳಿಚಿಕೊಂಡಿಲ್ಲವೆಂದು ಖಾತ್ರಿಪಡಿಸಿಕೊಂಡು ತಿಂಗಳಿಗೊಂದರಂತೆ ತೆಗೆಯತಕ್ಕದ್ದು.”

ಪಟ್ಟಿಯಲ್ಲಿ ಮೊದಲಿದ್ದದ್ದು ಜುಂಜೇಶನ ಹಟ್ಟಿ.

“ಸಾ, ನಾವು ಮನುಷ್ರು. ಹಗಲೆಲ್ಲ ಬಿಸ್ಲಲ್ಲೇ ಕುರಿ ಮೇಯಿಸ್ತೀವಿ” ಎಂದ ಅವನು.

“ಅದು ಸೂರ್ಯನ ಬೆಳಕಪ್ಪ. ನಮ್ಮ ಇಲಾಖೆಗೆ ಬರಲ್ಲ.”

ಜುಂಜೇಶನಿಗೆ ತನ್ನ ಬುದ್ಧಿವಂತಿಕೆಯ ಮೇಲೇ ಸಿಟ್ಟು ಬಂತು. ಆದರೂ ತಟ್ಟಿ ಹೆಣೆದ. ಆ ಕೆಲಸ ಬಲ್ಲವನೆಂದು ದಾಖಲೆಯಲ್ಲಿದ್ದವನು ಅವನೊಬ್ಬನೇ.

ಕರೆಂಟು ಬಿಟ್ಟ ದಿನ ಹಟ್ಟಿಯವರೆಲ್ಲ ಚಪ್ಪಾಳೆ ತಟ್ಟಿದರು. ತಿಂಗಳು ತುಂಬಿದ ಮೇಲೆ ಸಾಹೇಬರು ಖುದ್ದಾಗಿ ತಪಾಸಣೆಗೆ ಬಂದರು. ಎಂಬತ್ತು ದಾಟಿದ ಗೊಲ್ಲರಪ್ಪ ರುಮಾಲು ತೆಗೆದು ಕೈಮುಗಿದ. ಸಾಹೇಬರು ಅವನ ತಲೆಯನ್ನೇ ದಿಟ್ಟಿಸಿದರು.

“ಇದು ಯಾವಾಗಿಂದ ಬೆಳ್ಳಗಾಗಿದೆ?”

“ಎರಡ್ನೇ ಮಗಳ ಮದ್ವೇಲಿ ಸುರುವಾಯ್ತು ಕಣ್ರೀ.”

“ಬಿಳಿಚಿಕೊಂಡ ಪ್ರಕರಣ: ಒಂದು” ಎಂದು ಬರೆದುಕೊಂಡ ಸಾಹೇಬರು, ಒಂದು ತಟ್ಟಿ ತೆಗೆಸುವ ಬದಲು ಇನ್ನೆರಡು ಕಟ್ಟಿಸಿದರು. ಹಟ್ಟಿಯವರು ಕಚೇರಿಯ ಮೇಲೆ ರೇಗಲಿಲ್ಲ, ಗೊಲ್ಲರಪ್ಪನ ಮೇಲೆ ರೇಗಿದರು. ಮುಂದಿನ ತಪಾಸಣೆಗೆ ಅವನು ಹುಳಿಯಾರಿನಿಂದ ಬಣ್ಣ ತರಿಸಿ ತಲೆಗೆ ಬಳಿದುಕೊಂಡು ನಿಂತ. ಒಂದು ತಟ್ಟಿ ಇಳಿಯಿತು. ಈಗ ಹಟ್ಟಿಯಲ್ಲಿ ನೆರೆತ ತಲೆ ಒಂದೂ ಇಲ್ಲ.

ಪ್ರತಿ ಸಂಜೆ ಬಲ್ಬು ಉರಿಯುತ್ತಿದೆಯೇ ಎಂದು ರಿಜಿಸ್ಟರಿನಲ್ಲಿ ಬರೆಯುವ ಹೊಣೆ ಜುಂಜೇಶನದು. ಎಂಟು ತಟ್ಟಿಯ ಹಿಂದೆ ಏನೂ ಕಾಣದಿರುವುದರಿಂದ ಚಿತ್ತಮ್ಮ ಸೀಮೆಎಣ್ಣೆ ಬುಡ್ಡಿಯನ್ನು ಎತ್ತಿ ಹಿಡಿದು ಸಂದಿಯಲ್ಲಿ ಇಣುಕುತ್ತಾಳೆ.

“ಉರೀತೈತೆ. ಬರ್ಕೊ.”

ಅವನು ಅದೇ ಬುಡ್ಡಿಯ ಬೆಳಕಿನಲ್ಲಿ ಬರೆದುಕೊಂಡು, ಮುಂದಿನ ಕಲಂ ಓದುತ್ತಾನೆ. “ಕಣ್ಣಿಗೇನಾದ್ರೂ ತೊಂದ್ರೆ ಆಗ್ತೈತಾ ಅವ್ವ?”

“ಇಲ್ಲ ಬುಡು. ರೂಢಿ ಆಗೋಯ್ತು.”

ಅವನು ಅದನ್ನೂ ಬರೆದು, ರಿಜಿಸ್ಟರು ಮುಚ್ಚಿ, ಮುದ್ದೆ ಮುರಿಯುತ್ತಾನೆ. ಸಾರಿನಲ್ಲಿ ತೇಲುತ್ತಿರುವುದನ್ನು ಮೆಣಸಿನಕಾಯಿ ಎಂದೇ ತಿಳಿದು ಅಗಿಯುತ್ತಾನೆ.