ತಾರಸಿಯ ಮೇಲೆ ಚುಕ್ಕ

ತಲೆಯೆತ್ತಿ ಆಕಾಶ ನೋಡುವವರಿಗೆ ನೆಲದ ಮೇಲೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ನನಗೆ ಆದವುಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಚಿಂತಾಮಣಿಯ ಶಾಲೆಯೊಂದರಿಂದ ನಿವೃತ್ತಳಾದ ಮೇಲೆ, ಬಾಡಿಗೆ ಮನೆಯ ತಾರಸಿಯಿಂದ ಸಂಜೆ ಉಪಗ್ರಹಗಳನ್ನು ನೋಡುವ ಅಭ್ಯಾಸವನ್ನು ನಾನು ಉಳಿಸಿಕೊಂಡಿದ್ದೆ. ದೀಪ ಹಚ್ಚುವ ಹೊತ್ತಿನಲ್ಲಿ ಮಿನುಗದೆ, ಸದ್ದಿಲ್ಲದೆ, ನೇರವಾಗಿ ನಡೆದುಹೋಗುವ ಚುಕ್ಕೆ ಕಂಡರೆ ಅದು ಉಪಗ್ರಹ. ಇದನ್ನು ನನಗೆ ಕಲಿಸಿದವರು ಬಹುಕಾಲ ನನ್ನೊಡನೆ ಮನೆ ಹಂಚಿಕೊಂಡಿದ್ದ ಭೂಗೋಳದ ಶಿಕ್ಷಕಿ. ಅವರು ತೀರಿಕೊಂಡರು. ನಕ್ಷತ್ರವನ್ನು ಒಬ್ಬರೇ ನೋಡಬಹುದು; ಅದು ನಾಳೆಯೂ ಅಲ್ಲೇ ಇರುತ್ತದೆ. ಉಪಗ್ರಹ ಹಾಗಲ್ಲ, ನೋಡನೋಡುತ್ತ ಹೋಗಿಬಿಡುತ್ತದೆ. ಕಂಡದ್ದು ಹೌದೇ ಎಂದು ಕೇಳಲು ಪಕ್ಕದಲ್ಲಿ ಇನ್ನೊಬ್ಬರಿರಬೇಕು. ಆ ಇನ್ನೊಬ್ಬರನ್ನು ನಾನು ಹುಡುಕತೊಡಗಿದೆ.

ಬಲಕ್ಕೆ, ಟ್ಯಾಂಕಿನ ಮೇಲೆ

ಮೊದಲು ಸಿಕ್ಕವರು ಕೆಳಗಿನ ಮನೆಯಲ್ಲಿದ್ದ ಮನೆಯೊಡತಿ. ಮನೆಯಲ್ಲಿ ತೆಲುಗು, ನನ್ನೊಡನೆ ಕನ್ನಡ, ಅವಸರವಾದರೆ ಎರಡೂ. ಒಣಗಿದ ಮೆಣಸಿನಕಾಯಿ ತುಂಬಿಕೊಳ್ಳಲು ಒಂದು ಸಂಜೆ ಮೇಲೆ ಬಂದಾಗ ಸರಿಯಾಗಿ ಉಪಗ್ರಹವೊಂದು ಕಾಣಿಸಿತು.

ಯಾವುದನ್ನೂ ಬೆರಳಿಟ್ಟು ತೋರಿಸಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಆದ್ದರಿಂದ ಬಾಯಲ್ಲೇ ಹೇಳಿದೆ: "ಬೇಗ ನೋಡಿ, ಬಲಕ್ಕೆ, ನಮ್ಮ ನೀರಿನ ಟ್ಯಾಂಕಿನ ಮೇಲೆ."

ಆಕೆ ಟ್ಯಾಂಕಿನ ಕಡೆ ನೋಡಿ ಕಿರುಚಿದರು: "ಅಯ್ಯೋ, ತುಂಬಿ ಸುರೀತಾ ಇದೆಯಲ್ಲಮ್ಮಾ!"

ಮೆಣಸಿನಕಾಯಿ ಅಲ್ಲೇ ಬಿಟ್ಟು, ಮೋಟರು ನಿಲ್ಲಿಸಲು ಕೆಳಗೆ ಓಡಿದರು. ಏದುಸಿರು ಬಿಡುತ್ತ ತಿರುಗಿ ಬರುವಷ್ಟರಲ್ಲಿ ಉಪಗ್ರಹ ದಾಟಿಹೋಗಿತ್ತು. ನನ್ನ ಎರಡೂ ಕೈ ಹಿಡಿದುಕೊಂಡರು. ಮರುದಿನ ಬೀದಿಯವರಿಗೆಲ್ಲ ಆಕೆ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು: "ನಮ್ಮ ಟೀಚರಮ್ಮ ದಿನಾ ಸಾಯಂಕಾಲ ತಾರಸಿ ಮೇಲೆ ನಿಂತ್ಕೊಂಡು ಟ್ಯಾಂಕು ಕಾಯ್ತಾರೆ. ಇಂಥ ಬಾಡಿಗೆಯವರು ಯಾರಿಗೆ ಸಿಗ್ತಾರೆ, ಹೇಳಿ!"

ಶಾಂತಿ

ಟ್ಯಾಂಕಲ್ಲ, ಉಪಗ್ರಹ ಎಂದು ನಾನು ತಿದ್ದಿದೆ. ತಿದ್ದಬಾರದಿತ್ತು. ಆಕೆ ನೇರವಾಗಿ ಪುರೋಹಿತರ ಬಳಿಗೆ ಹೋದರು. ಜಾತಕದಲ್ಲೂ ಉಪಗ್ರಹಗಳಿವೆ, ಅವು ಒಳ್ಳೆಯವಲ್ಲ, ಬೇಕೆಂದು ಹೋಗಿ ಅವುಗಳ ಕಣ್ಣಿಗೆ ಬೀಳಬಾರದು ಎಂದು ಅವರು ಹೇಳಿ ಕಳಿಸಿದರು. ಮನೆಯೊಡತಿ ನಿಂಬೆಹಣ್ಣು ಹಿಡಿದು ನನ್ನ ಬಾಗಿಲಿಗೆ ಬಂದರು.

"ನವಗ್ರಹಕ್ಕೆ ಸುತ್ತು ಹಾಕೋಕೇ ನನ್ನ ಮಂಡಿ ತಡೆಯಲ್ಲ ಟೀಚರಮ್ಮಾ. ಇನ್ನು ಇವೂ ಸೇರ್ಕೊಂಡ್ರೆ ಏನು ಗತಿ?"

"ಇವು ಆ ಉಪಗ್ರಹಗಳಲ್ಲ. ಮನುಷ್ಯರು ಮಾಡಿ ಮೇಲಕ್ಕೆ ಕಳಿಸಿದಂಥವು. ಕೆಲವನ್ನು ನಮ್ಮ ಸರ್ಕಾರವೇ ಮಾಡಿಸಿದೆ."

"ಗೌರ್ಮೆಂಟ್ ಮಾಡ್ಸಿದ್ದಾ?" ಆಕೆಯ ಮುಖ ತಿಳಿಯಾಯಿತು. ನಿಂಬೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡರು. "ಹಂಗಾದ್ರೆ ಭಯ ಇಲ್ಲ ಬಿಡಿ. ಗೌರ್ಮೆಂಟಿಂದು ಯಾವುದೂ ಅಷ್ಟು ಬೇಗ ಕೆಲಸ ಮಾಡಲ್ಲ."

ಭಯ ಹೋದರೂ ಆಕೆ ಮೇಲೆ ಬರಲಿಲ್ಲ. ಉಪಗ್ರಹಗಳು ಬರುವ ಹೊತ್ತಿಗೇ ಟೀವಿಯಲ್ಲಿ ಧಾರಾವಾಹಿಯೂ ಬರುತ್ತಿತ್ತು.

ತೆಂಗಿನಕಾಯಿ

ನಮ್ಮ ದೇಶದ ನೌಕೆ ಚಂದ್ರನ ಕಡೆಗೆ ಹೊರಟ ವರ್ಷ, ಪಿಂಚಣಿದಾರರ ಸಂಘದಲ್ಲಿ ಅದೇ ಮಾತು. ಎದುರು ಮನೆಯ ಯಜಮಾನರು ಎದ್ದು ನಿಂತರು. ಅವರು ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿದ್ದವರು. ಹೆಂಡತಿ ಇಲ್ಲ, ಮಗ ಸೊಸೆಯರೊಡನೆ ಇದ್ದರು. ಮಾತಾಡಲು ನಿಂತರೆ ಈಗಲೂ ಕಡತ ಮಂಡಿಸುವ ಧ್ವನಿ.

"ನಲ್ಲೀಲಿ ನೀರು ಯಾವಾಗ ಬರುತ್ತೆ ಅಂತ ಹೇಳೋಕಾಗದ ಸರ್ಕಾರ, ಚಂದ್ರನಲ್ಲಿ ನೀರಿದೆಯಾ ಅಂತ ನೋಡೋಕೆ ಹೋಗಿದೆ! ಇದು ಯಾರ ದುಡ್ಡು? ನಮ್ಮ ದುಡ್ಡು!"

ಚಪ್ಪಾಳೆ ಬಿತ್ತು. ನಾನು ಎದ್ದು, ಮಳೆಯ ಮುನ್ಸೂಚನೆ ಬರುವುದು ಉಪಗ್ರಹಗಳಿಂದ, ನೆಲದಡಿಯ ನೀರು ಹುಡುಕಲೂ ಅವು ನೆರವಾಗುತ್ತವೆ, ಈ ಹಣ ವ್ಯರ್ಥವಲ್ಲ ಎಂದೆ.

"ಅದಕ್ಕೆ ಅಷ್ಟು ಮೇಲಿಂದ ನೋಡಬೇಕಾ ಮೇಡಂ? ನಮ್ಮ ತೋಟದಲ್ಲಿ ಬೋರ್ ಹಾಕಿಸೋವಾಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನಡೆಸಿದ್ವಿ. ಕಾಯಿ ಎದ್ದು ನಿಂತ ಕಡೆ ಬೋರು. ಖರ್ಚು ಒಂದು ಕಾಯಿ."

"ನೀರು ಬಂತೇ?"

"ಧೂಳು ಬಂತು," ಎಂದರು, ಸ್ವಲ್ಪವೂ ಅಳುಕದೆ. "ಆದ್ರೆ ಕಾಯಿ ವೇಸ್ಟಾಗಲಿಲ್ಲ. ಚಟ್ನಿ ಮಾಡಿದ್ವಿ. ನಿಮ್ಮ ರಾಕೆಟ್ಟು ಫೇಲಾದ್ರೆ ಏನು ಮಾಡ್ತೀರಿ?"

ಸಭೆ ನಕ್ಕು ಉರುಳಿತು. ನನ್ನಲ್ಲಿ ಉತ್ತರವಿತ್ತು: ಹಸಿವು, ಬಾಯಾರಿಕೆ ಎಲ್ಲ ತೀರಿದ ಮೇಲೆಯೇ ತಲೆಯೆತ್ತಬೇಕೆಂದು ಕಾಯುವ ದೇಶ ಎಂದೂ ತಲೆಯೆತ್ತುವುದಿಲ್ಲ. ಚಟ್ನಿಯ ಎದುರು ಅದನ್ನು ಹೇಳುವುದು ಹೇಗೆ? ಹೊರಗೆ ಬಂದ ಮೇಲೆ, ಒಂದು ಸಂಜೆ ತಾರಸಿಗೆ ಬಂದು ಕಣ್ಣಾರೆ ನೋಡಿ ಎಂದು ಅವರನ್ನು ಕರೆದೆ.

"ದುಂದುವೆಚ್ಚ ನೋಡೋಕೆ ನಾನು ಮೆಟ್ಟಿಲು ಹತ್ತಲ್ಲ ಮೇಡಂ," ಎಂದರು.

ಅಂದು ಸಂಜೆ ಬಂದ ಉಪಗ್ರಹ ಬಹಳ ಪ್ರಕಾಶವಾಗಿತ್ತು. "ನೋಡಿದಿರಾ?" ಎಂದು ಗಟ್ಟಿಯಾಗಿಯೇ ಕೇಳಿದೆ. ತಂತಿಯ ಮೇಲೆ ಒಣಗುತ್ತಿದ್ದ ನನ್ನದೇ ಸೀರೆ ಸ್ವಲ್ಪ ಅಲುಗಾಡಿತು.

ಚುಕ್ಕ

ಈ ಪ್ರಸಂಗದ ಮೂಲ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಸೊಪ್ಪು ಮಾರುವಾಕೆ ಮನೆಯೊಡತಿಯನ್ನು, "ಟೀಚರಮ್ಮ ದಿನಾ ಹೊತ್ತು ಮುಳುಗಿದ್ರೆ ಯಾಕೆ ಮೇಲೆ ಹೋಗ್ತಾರೆ?" ಎಂದು ಕೇಳಿದ್ದಾಳೆ. ಅವರು ತೆಲುಗಿನಲ್ಲಿ, "ಚುಕ್ಕ ಕೋಸಂ" ಎಂದಿದ್ದಾರೆ. ಚುಕ್ಕೆಗಾಗಿ ಎಂದು ಅರ್ಥ. ಆದರೆ ತೆಲುಗಿನ ಚುಕ್ಕ ಆಕಾಶದ್ದೂ ಹೌದು, ಸಂಜೆ ಹೊತ್ತು ಗಂಡಸರು ಗಂಟಲಿಗೆ ಇಳಿಸುವ ಹೆಂಡದ ತೊಟ್ಟೂ ಹೌದು. ಸೊಪ್ಪಿನವಳು ಎರಡನೆಯದನ್ನು ಹೊತ್ತುಕೊಂಡು ಬೀದಿ ಬೀದಿ ತಿರುಗಿದಳು. ಅಂಗಡಿಯವರು ಹುರಿಗಡಲೆ ಕಟ್ಟಿಕೊಡುವಾಗ, "ಒಂಟಿ ಜೀವ, ಪಾಪ" ಎಂದು ಏಕೆ ಗೊಣಗುತ್ತಿದ್ದರೆಂದು ನನಗೆ ಆಗ ತಿಳಿದಿರಲಿಲ್ಲ.

ಒಂದು ಮುಸ್ಸಂಜೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಶಿರಸ್ತೇದಾರರು! ಶಾಲಿನೊಳಗಿಂದ ಎರಡು ಸ್ಟೀಲ್ ಲೋಟ, ಒಂದು ಪೊಟ್ಟಣ ಖಾರಾಬೂಂದಿ ಹೊರಗೆ ಬಂದವು.

"ಸೊಸೆ ದೇವಸ್ಥಾನಕ್ಕೆ ಹೋಗಿದ್ದಾಳೆ ಮೇಡಂ," ಎಂದು ಪಿಸುಗುಟ್ಟಿದರು. "ಮನೇಲಿ ಬಿಡಲ್ಲ. ಚುಕ್ಕ... ನಂಗೂ ಸ್ವಲ್ಪ..."

ಕೊನೆಗೂ ಒಬ್ಬರು ಬಂದರಲ್ಲ ಎಂದು ಸಡಗರದಿಂದ ಚಾಪೆ ಹಾಸಿದೆ. ಲೋಟಗಳೇಕೆ ಎಂದು ಕೇಳುವುದನ್ನೇ ಮರೆತೆ.

"ಕುಳಿತುಕೊಳ್ಳಿ. ಒಂದು ಈಗಷ್ಟೇ ಮುಗಿಯಿತು. ಇನ್ನೊಂದು ಬರುತ್ತದೆ."

"ಯಾರು ತರ್ತಾರೆ?"

"ಯಾರೂ ತರಬೇಕಾಗಿಲ್ಲ. ತಾನಾಗಿ ಬರುತ್ತದೆ. ಸರ್ಕಾರದ ವ್ಯವಸ್ಥೆ."

"ಸರ್ಕಾರ ಕೊಡುತ್ತಾ? ಶಿಕ್ಷಕರಿಗೆ ಮಾತ್ರಾನಾ?"

"ಎಲ್ಲರಿಗೂ. ಸಾರ್ವಜನಿಕ ಹಣವಲ್ಲವೇ?"

ಅವರು ಒಂದು ಲೋಟವನ್ನು ಶಾಲಿನ ಅಂಚಿನಿಂದ ಒರೆಸಿಕೊಂಡರು. "ಮೇಡಂ, ಸಾರ್ವಜನಿಕ ಹಣ ಇಂಥದ್ದಕ್ಕೆ ಖರ್ಚಾಗೋದಾದ್ರೆ ನನ್ನದೇನೂ ಆಕ್ಷೇಪಣೆ ಇಲ್ಲ."

ಅಷ್ಟರಲ್ಲಿ ಅದು ಬಂತು. ಅವರ ಮುಖ ತಾನಾಗಿ ಮೇಲಕ್ಕೆ ತಿರುಗಿತು. ಲೋಟ ಹಿಡಿದ ಕೈ ಹಾಗೇ ನಿಂತಿತು. ಉಪಗ್ರಹ ನಡುನೆತ್ತಿ ದಾಟಿ, ಭೂಮಿಯ ನೆರಳಿಗೆ ಹೊಕ್ಕು, ಇದ್ದಕ್ಕಿದ್ದಂತೆ ಆರಿಹೋಯಿತು.

"ಅಲ್ಲೂ ಪವರ್ ಕಟ್ಟಾ?" ಎಂದರು.

ನಾನು ನಕ್ಕೆ. ಆ ತಾರಸಿಯಲ್ಲಿ ನಾನು ನಗದೆ ಬಹಳ ಕಾಲವಾಗಿತ್ತು. ನಗು ನಿಂತ ಮೇಲೆ ಅವರು ಮೆಲ್ಲಗೆ ಕೇಳಿದರು: "ಮತ್ತೆ ಚುಕ್ಕ?"

"ಈಗ ನೋಡಿದಿರಲ್ಲ, ಅದೇ."

ಅವರಿಗೂ ಅರ್ಥವಾಯಿತು, ಲೋಟ ನೋಡಿ ನನಗೂ ಅರ್ಥವಾಯಿತು. ಇಬ್ಬರೂ ಸೇರಿ ಖಾರಾಬೂಂದಿ ಮುಗಿಸಿದೆವು. ಮೆಟ್ಟಿಲ ಬಳಿ ಅವರು ತಿರುಗಿ ನಿಂತರು.

"ನಾಳೆನೂ ಬರುತ್ತಾ ಅದು?"

"ಬರುತ್ತದೆ. ಆದರೆ ನಿಮಗೇಕೆ? ದುಂದುವೆಚ್ಚವಲ್ಲವೇ?"

"ದುಂದುವೆಚ್ಚಾನೇ. ಆದ್ರೆ ಖರ್ಚು ಮಾಡಿ ಆಗೋಗಿದೆಯಲ್ಲ. ನೋಡದೇ ಇದ್ರೆ ಇನ್ನೂ ದಂಡ." ಒಂದು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು, ಧ್ವನಿ ತಗ್ಗಿಸಿದರು: "ಒಂದು ಉಪಕಾರ ಮಾಡಿ ಮೇಡಂ. ಯಾರಾದ್ರೂ ಕೇಳಿದ್ರೆ, ಕುಡಿಯೋಕೇ ಬರ್ತಾರೆ ಅಂದ್ಬಿಡಿ. ಉಪಗ್ರಹ ನೋಡ್ತೀನಿ ಅಂತ ಗೊತ್ತಾದ್ರೆ ಸಂಘದಲ್ಲಿ ನನ್ನ ಮರ್ಯಾದೆ ಹೋಗುತ್ತೆ."

ನನ್ನ ಮರ್ಯಾದೆಯ ಮಾತನ್ನು ಅವರು ಎತ್ತಲಿಲ್ಲ. ನಾಳೆಯೂ ಬರಲಿ ಎಂದು ನಾನೂ ಎತ್ತಲಿಲ್ಲ.