ಚೌರಪ್ಪ ಬರೆದುಕೊಟ್ಟ ಏಳು ಪಾಪ

ಐವತ್ತೊಂಬತ್ತನೇ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಟೈಂಕೀಪರ್ ಚೌರಪ್ಪ ಕೈಯಲ್ಲಿ ಕಾಫಿ ಲೋಟ ಹಿಡಿದು ನಡುಮನೆಯಲ್ಲಿ ನಿಂತು, ಹೆಂಡತಿ ಜಯಶೀಲಾಳ ಎದುರು ಒಂದು ಮಹಾಘೋಷಣೆ ಮಾಡಿದ.

"ಇವತ್ತಿನಿಂದ ನನ್ನ ಮಕ್ಕಳಿಗೆ ನಾನೇ ಮೇಷ್ಟ್ರು, ನಾನೇ ಹೆಡ್‌ಮೇಷ್ಟ್ರು. ಒಂದು ತಿಂಗಳು ಕೊಡು. ಆ ಶಾಲೆಯವರೇ ಬಂದು ನನ್ನ ಹತ್ರ ಪಾಠ ಹೇಳಿಸ್ಕೊಂಡು ಹೋಗ್ಬೇಕು, ಹಾಗೆ ಮಾಡ್ತೀನಿ."

"ಮೊದ್ಲು ಆ ಲೋಟ ಕೆಳಗಿಡಿ. ಕಾಫಿ ಚೆಲ್ತಾ ಇದೆ," ಎಂದಳು ಜಯಶೀಲಾ.

ಘೋಷಣೆಗೆ ಕಾರಣ ಮಂಗನಬಾವು. ಕಾಲೋನಿಯ ಮಕ್ಕಳ ಕೆನ್ನೆಗಳೆಲ್ಲ ಒಂದೊಂದಾಗಿ ಊದಿಕೊಂಡು ಶಾಲೆಗೆ ಬೀಗ ಬಿದ್ದಿತ್ತು. ದಸರಾ ರಜೆಯೂ ಅದಕ್ಕೆ ಸೇರಿಕೊಂಡು, ಇನ್ನು ತೆರೆಯುವುದು ಅಕ್ಟೋಬರ್ ಮುಗಿಯುವ ಹೊತ್ತಿಗೇ ಎಂದು ಗೊತ್ತಾಗಿತ್ತು. ಅದು ಹಾಗಿರಲಿ, ಚರ್ಚಿನ ಜ್ಞಾನೋಪದೇಶದ ತರಗತಿಯೂ ನಿಂತುಹೋಗಿತ್ತು. ತೊಡಕು ಇದ್ದದ್ದು ಅಲ್ಲಿ. ಎಂಟು ವರ್ಷದ ರೀತಾ, ಏಳು ವರ್ಷದ ಇನ್ನಾಸಿ ಇಬ್ಬರೂ ಅಕ್ಟೋಬರ್ ಕೊನೆಯ ಭಾನುವಾರ, ಕ್ರಿಸ್ತರಾಜನ ಹಬ್ಬದ ದಿನ, ಮೊದಲ ಪರಮಪ್ರಸಾದ ತೆಗೆದುಕೊಳ್ಳುವವರಿದ್ದರು. "ತರಗತಿ ಇಲ್ಲ, ತಯಾರಿ ಇಲ್ಲ. ಮುಂದಿನ ಈಸ್ಟರ್‌ಗೆ ನೋಡೋಣ," ಎಂದುಬಿಟ್ಟರು ಫಾದರ್.

ರೀತಾ ಆ ದಿನ ಊಟ ಮಾಡಲಿಲ್ಲ. ಶಿವಮೊಗ್ಗದ ಕೋಟೆಯ ದರ್ಜಿಯ ಹತ್ತಿರ ಹೊಲಿಸಿ ರೈಲಿನಲ್ಲಿ ತಂದ ಬಿಳಿ ಫ್ರಾಕು ಟ್ರಂಕಿನಲ್ಲಿತ್ತು. ಈಸ್ಟರ್ ಬರುವಷ್ಟರಲ್ಲಿ ತಾನು ಫ್ರಾಕಿಗಿಂತ ಉದ್ದ ಬೆಳೆದುಬಿಡುತ್ತೇನೆ ಎಂಬುದು ಅವಳ ಸಂಕಟ. ಮಗಳ ಕಣ್ಣೀರು ನೋಡಿ ಚೌರಪ್ಪ ಚಪ್ಪಲಿ ಮೆಟ್ಟಿ ಹೊರಟ. ನೆಟ್ಟಗೆ ಹೋಗಿ ಫಾದರ್ ಮುಂದೆ ಎದೆ ಸೆಟೆಸಿ ನಿಂತ.

"ನಾನೇ ತಯಾರು ಮಾಡ್ತೀನಿ ಫಾದರ್. ಹಬ್ಬದ ಹಿಂದಿನ ದಿನ ಪಾಪನಿವೇದನೆಗೆ ಕರ್ಕೊಂಡು ಬರ್ತೀನಿ. ಒಂದು ಮಾತು ತಪ್ಪಿದ್ರೆ ಈಸ್ಟರ್‌ಗೇ ಇಟ್ಕೊಳ್ಳಿ."

ಫಾದರ್ ಕನ್ನಡಕದ ಮೇಲಿಂದ ಅವನನ್ನು ನೋಡಿ, "ಆಗ್ಲಿ ಚೌರಪ್ಪ. ನಿನ್ನ ಜವಾಬ್ದಾರಿ," ಎಂದರು.

ಹೀಗೆ ಕ್ವಾರ್ಟರ್ಸಿನ ಜಗುಲಿಯಲ್ಲಿ ಚೌರಪ್ಪನ ಗುರುಕುಲ ಉದ್ಘಾಟನೆಯಾಯಿತು. ಬೆಳಗಿನ ಪಾಳಿ ಮುಗಿಸಿ ಎರಡು ಗಂಟೆಗೆ ಬಂದವನು ಊಟ ಮಾಡಿ, ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು, ಮೂರಕ್ಕೆ ಸರಿಯಾಗಿ ಹಿತ್ತಾಳೆ ತಟ್ಟೆ ಬಾರಿಸುತ್ತಿದ್ದ. ಮಕ್ಕಳು ಕಾರ್ಖಾನೆಯ ಕೂಲಿಗಳ ಹಾಗೆ ಹಾಜರಿ ಚೀಟಿ ತೋರಿಸಿ ಜಗುಲಿ ಹತ್ತಬೇಕು. ಎರಡು ನಿಮಿಷ ತಡವಾದರೆ ಅರ್ಧ ದಿನದ ಬೆಲ್ಲ ಕಟ್. ಲೆಕ್ಕವನ್ನು, ಹತ್ತು ಮಣಿಗೊಮ್ಮೆ ಜಪ ಬದಲಾಗುವ ಜಪಸರ ಹಿಡಿದು ಕಲಿಸಿದ್ದರಿಂದ ಇನ್ನಾಸಿ ಹತ್ತು ಆದ ಮೇಲೆ ಹನ್ನೊಂದು ಎನ್ನದೆ ಒಂದು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳಿ ಮುಂದೆ ಹೋಗುತ್ತಿದ್ದ. ಅಂಥ ಸಣ್ಣಪುಟ್ಟ ದೋಷ ಯಾವ ದೊಡ್ಡ ವಿದ್ಯಾಸಂಸ್ಥೆಯಲ್ಲಿ ಇಲ್ಲ ಹೇಳಿ.

ರೀತಾ ಮಾತ್ರ ಗುರುವಿಗೆ ತಕ್ಕ ಶಿಷ್ಯೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. "ಪಾಪನಿವೇದನೆಯಲ್ಲಿ ಫಾದರ್ ಕಿವಿಗೆ ಎಲ್ಲ ತಪ್ಪನ್ನೂ ಹೇಳ್ಬೇಕು. ಬಚ್ಚಿಡಬಾರದು. ಇಲ್ಲದ್ದನ್ನ ಸೇರಿಸಿ ಹೇಳಿದ್ರೆ ಅದು ಇನ್ನೂ ದೊಡ್ಡ ಪಾಪ," ಎಂದು ಚೌರಪ್ಪ ಬೋಧಿಸಿದ್ದನ್ನು ಮೂರು ಸಲ ಬಾಯಿಪಾಠ ಮಾಡಿ ಒಪ್ಪಿಸಿದಳು. ಆಮೇಲೆ ತಲೆ ತಗ್ಗಿಸಿ ಕೂತಳು.

"ಅಪ್ಪಾ, ನನ್ನ ಹತ್ರ ಪಾಪಾನೇ ಇಲ್ವಲ್ಲ."

"ನನ್ನ ಹತ್ರಾನೂ ಇಲ್ಲ," ಎಂದ ಇನ್ನಾಸಿ, ಅಕ್ಕನ ಬಳಿ ಇಲ್ಲದ್ದು ತನಗೆಲ್ಲಿಂದ ಬರಬೇಕು ಎಂಬಂತೆ.

ಚೌರಪ್ಪನಿಗೆ ದಿಗಿಲಾಯಿತು. ಹಬ್ಬಕ್ಕೆ ಇನ್ನು ಎಂಟೇ ದಿನ. ಮಕ್ಕಳು ಫಾದರ್ ಮುಂದೆ ಮೊಣಕಾಲೂರಿ ಮೂಗರ ಹಾಗೆ ಕೂತರೆ ಮಾನ ಹೋಗುವುದು ಯಾರದು? ಆ ಶನಿವಾರವೇ ಮಸಿಕುಡಿಕೆ ತೆಗೆದು, ದೇವರ ಹತ್ತು ಕಟ್ಟಳೆಗಳ ಜೊತೆಗೆ ಚರ್ಚಿನ ನಿಯಮಗಳನ್ನೂ ಸೋಸಿ, ದೊಡ್ಡವರಿಗೆ ಸೇರಿದ್ದನ್ನು ಬಿಟ್ಟು, ಮಕ್ಕಳಿಗೆ ಒಪ್ಪುವಂಥ ಏಳು ಮಾದರಿ ಪಾಪಗಳನ್ನು ದುಂಡು ಅಕ್ಷರದಲ್ಲಿ ಬರೆದುಕೊಟ್ಟ. ಬೆಳಗಿನ ಜಪ ಬಿಟ್ಟೆ. ಭಾನುವಾರದ ಪೂಜೆ ತಪ್ಪಿಸಿದೆ. ಒಡಹುಟ್ಟಿದವರನ್ನು ಹೊಡೆದೆ. ನೆರೆಯವರ ವಸ್ತು ಕದ್ದೆ. ಸುಳ್ಳು ಹೇಳಿದೆ. ಶುಕ್ರವಾರ ಮಾಂಸ ತಿಂದೆ. ಹೆತ್ತವರ ಮಾತು ಮೀರಿದೆ.

"ದಿನಾ ಹತ್ತು ಸಲ ಕಾಪಿ ಬರೀಬೇಕು. ಕೈಬರಹಕ್ಕೂ ಆಯ್ತು, ಪಾಪಕ್ಕೂ ಆಯ್ತು. ಮುಂದಿನ ಶನಿವಾರ ಏಳಕ್ಕೆ ಏಳೂ ಫಾದರ್ ಮುಂದೆ ಹೇಳ್ಬೇಕು. ಗೊತ್ತಾಯ್ತಾ?"

ರೀತಾ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. "ಏಳೂ ಹೇಳ್ಲೇಬೇಕಾ ಅಪ್ಪಾ?"

"ಒಂದೂ ಬಿಡಕೂಡದು," ಎಂದ ಚೌರಪ್ಪ, ಎಲೆ ಅಡಿಕೆ ಅಗಿಯುತ್ತಾ. ಒಂದೇ ಏಟಿಗೆ ಎರಡು ವಿದ್ಯೆ ಕಲಿಸಿದ ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡು ಆ ಮಧ್ಯಾಹ್ನ ಗೊರಕೆ ಹೊಡೆದ.

ಮಾರನೆಯ ದಿನ ಭಾನುವಾರ. ಪೂಜೆಗೆ ಗಂಟೆ ಹೊಡೆಯಿತು, ಮಕ್ಕಳು ನಾಪತ್ತೆ. ಜಯಶೀಲಾಳನ್ನು ಮುಂದೆ ಕಳಿಸಿ ಚೌರಪ್ಪ ಹುಡುಕಲು ಹೊರಟ. ಭದ್ರಾ ಹೊಳೆಯ ದಂಡೆ ಆಯಿತು, ರೈಲ್ವೆ ಹಳಿ ಆಯಿತು, ಕೊನೆಗೆ ಸಿಕ್ಕಿದ್ದು ತಮ್ಮದೇ ಹಿತ್ತಲಿನ ಚೆಂಡುಹೂವಿನ ಗಿಡಗಳ ಹಿಂದೆ. ಅಷ್ಟರಲ್ಲಿ ಪೂಜೆ ಮುಗಿದು ಜನ ಮನೆಗೆ ಬರುತ್ತಿದ್ದರು. ಭದ್ರಾವತಿಗೆ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಚೌರಪ್ಪ ಭಾನುವಾರದ ಪೂಜೆ ತಪ್ಪಿಸಿಕೊಂಡಿದ್ದ. ರೇಗಿ ಇಬ್ಬರ ಬೆನ್ನಿಗೂ ಒಂದೊಂದು ಗುದ್ದಿದ. ಮಕ್ಕಳು ಅಳಲಿಲ್ಲ. ಏನೋ ಕೆಲಸ ಮುಗಿಸಿದವರ ಸಮಾಧಾನದಿಂದ ಒಳಗೆ ಹೋದರು.

ಸೋಮವಾರ ಜಗುಲಿಯಿಂದ ಪಟ್ ಪಟ್ ಸದ್ದು ಕೇಳಿ ಜಯಶೀಲಾ ಹೊರಗೆ ಬಂದರೆ, ಅಕ್ಕ ತಮ್ಮ ಎದುರುಬದುರು ಕೂತು ಬಹಳ ಮರ್ಯಾದೆಯಿಂದ ಹೊಡೆದಾಡುತ್ತಿದ್ದರು. "ಈಗ ನೀನು ಹೊಡಿ. ಜೋರಾಗಿ ಹೊಡಿ, ಇಲ್ದಿದ್ರೆ ಲೆಕ್ಕಕ್ಕೆ ಬರಲ್ಲ," ಎಂದು ರೀತಾ ಕೆನ್ನೆ ಕೊಟ್ಟಿದ್ದಳು. "ರೀ, ಮಕ್ಕಳಿಗೆ ಏನೋ ಆಗಿದೆ," ಎಂದಳು ಜಯಶೀಲಾ ಗಂಡನಿಗೆ. "ಓದು ತಲೆಗೆ ಹತ್ತೋವಾಗ ಹಾಗೇ ಮಾರಾಯ್ತಿ," ಎಂದ ಚೌರಪ್ಪ.

ಬುಧವಾರ ಪಕ್ಕದ ಮನೆಯ ಕಲ್ಲಮ್ಮನ ರುಬ್ಬುಗುಂಡು ಕಳುವಾಯಿತು. ಹಿತ್ತಲ ಕಡೆ ಒರಳುಕಲ್ಲು ಇದ್ದಲ್ಲೇ ಇದೆ, ಗುಂಡು ಮಾತ್ರ ಮಾಯ! ದೋಸೆಗೆ ನೆನೆಹಾಕಿದ ಅಕ್ಕಿ ಮುಂದಿಟ್ಟುಕೊಂಡು ಕಲ್ಲಮ್ಮ ಕಳ್ಳನ ಏಳು ತಲೆಮಾರನ್ನೂ ಎತ್ತಿ ಹರಸುತ್ತಿದ್ದರೆ, ಚೌರಪ್ಪ ಬೇಲಿಯ ಮೇಲಿಂದ ಬಗ್ಗಿ, "ಹೆತ್ತವರು ನೆಟ್ಟಗೆ ಬುದ್ಧಿ ಕಲಿಸಿದ್ರೆ ಇಂಥದ್ದೆಲ್ಲ ಆಗಲ್ಲ ಕಲ್ಲಮ್ಮನೋರೇ," ಎಂದು ಸಮಾಧಾನ ಹೇಳಿದ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಐದು ನಿಮಿಷ ಇರುವಾಗ, ಎಂದಿನಂತೆ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಕಾರ್ಖಾನೆಯ ಗೇಟಿಗೆ ಹೋದ ಚೌರಪ್ಪನನ್ನು ಕಾವಲುಗಾರ ಲಾಠಿ ಅಡ್ಡ ಹಿಡಿದು ನಿಲ್ಲಿಸಿದ.

"ಅಲ್ಲೇ ನಿಲ್ಲಿ ಸಾರ್. ನಿಮಗೆ ಮಂಗನಬಾವು ಅಂತಲ್ಲ."

"ಯಾವನೋ ಹೇಳಿದ್ದು?" ಎಂದ ಚೌರಪ್ಪ. ಬಾಯಿ ತುಂಬಿದ್ದರಿಂದ ಅದು ಸರಿಯಾಗಿ ಹೊರಬರಲಿಲ್ಲ.

"ನೋಡಿ, ಮಾತೂ ಬರ್ತಿಲ್ಲ. ಎಡಗೆನ್ನೆ ಆಗ್ಲೇ ಊದಿದೆ," ಎಂದು ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದ.

ಹಿಂದಿನ ಸಂಜೆ ಇನ್ನೊಬ್ಬ ಟೈಂಕೀಪರ್ ಉಜ್ಜನಪ್ಪ ಮನೆಗೆ ಬಂದು "ಅಪ್ಪ ಇದ್ದಾರೇನಮ್ಮ?" ಎಂದು ಕೇಳಿದ್ದಕ್ಕೆ, ರೀತಾ ಕಣ್ಣು ಮುಚ್ಚಿಕೊಂಡು "ಅಪ್ಪಂಗೆ ಮಂಗನಬಾವು ಮಾವಾ," ಎಂದಿದ್ದಳಂತೆ. ಉಜ್ಜನಪ್ಪ ಸೈಕಲ್ ಹತ್ತುವುದನ್ನೂ ಮರೆತು ತಳ್ಳಿಕೊಂಡೇ ಓಡಿದ್ದನಂತೆ. ಗೇಟಿನ ಕಿಟಕಿಯಾಚೆ ಅವನೇ ಕೂತು, ಚೌರಪ್ಪನ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ 'ಗೈರುಹಾಜರು' ಎಂದು ಬರೆಯುವುದು ಕಾಣಿಸಿತು. ಊರಿನವರ ಹಾಜರಿ ಹಾಕುವವನಿಗೇ ಗೈರುಹಾಜರು! ಹನ್ನೊಂದು ವರ್ಷದ ಸೇವೆಯ ಮೇಲೆ ಆ ಕೆಂಪು ಗೆರೆ ಬಿದ್ದಾಗ ಚೌರಪ್ಪ ಬಂದ ದಾರಿಯಲ್ಲೇ ಹಿಂದಿರುಗಿದ.

ಮನೆಗೆ ಬಂದು ಜಗುಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತ. ಮಕ್ಕಳನ್ನು ಕೇಳೋಣವೆಂದರೆ ಮತ್ತೆ ನಾಪತ್ತೆ. ಮಧ್ಯಾಹ್ನ ಎರಡರ ಹೊತ್ತಿಗೆ ಸೈಕಲ್ ಅಂಗಡಿಯ ಬಾಬು ಸಾಬ್, ಹ್ಯಾಂಡಲ್ಲಿಗೆ ದೊಡ್ಡ ಟಿಫಿನ್ ಕ್ಯಾರಿಯರ್ ನೇತುಹಾಕಿಕೊಂಡು, ಹಿಂದೆ ಮುಂದೆ ಒಂದೊಂದು ಮಗುವನ್ನು ಕೂರಿಸಿಕೊಂಡು ಬಂದ. ಮುಖ ಸಪ್ಪಗಿತ್ತು.

"ಚೌರಪ್ಪಣ್ಣ, ನನ್ನ ಹತ್ರಾನೂ ಸಂಕೋಚ ಯಾಕೆ? ನಮಾಜು ಮುಗಿಸಿ ಬಂದ್ರೆ ಮಕ್ಕಳು ಬಾಗಿಲಲ್ಲಿ ನಿಂತಿದ್ದಾರೆ. 'ಖೈರುನ್ನೀಸಾ ಚಿಕ್ಕಮ್ಮ, ಒಂದು ಚೂರು ಮಾಂಸ ಕೊಡಿ, ಇವತ್ತೇ ಬೇಕು' ಅಂತ ಕೇಳ್ತಿದ್ದಾರೆ. ಕೊಟ್ಟ ಚೂರನ್ನ ನಿಂತಲ್ಲೇ ತಿಂದ್ರು. ನಮ್ಮ ಮನೆಯವಳು ಅತ್ತೇಬಿಟ್ಲು. ಕೆಲಸ ಹೋದ್ರೆ ಏನಾಯ್ತು? ನಾವಿಲ್ವಾ? ತಗೋ, ಪಲಾವ್. ಬೇಜಾರ್ ಮಾಡ್ಕೋಬೇಡ."

"ಕೆಲಸ ಹೋಗಿಲ್ಲ ಕಣೋ ಬಾಬು" ಎನ್ನುವಷ್ಟರಲ್ಲಿ ಬೇಲಿ ದಾಟಿ ಕಲ್ಲಮ್ಮ ಬಂದರು, ಸೆರಗಿನ ಮರೆಯಲ್ಲಿ ಅಕ್ಕಿ ರೊಟ್ಟಿ. "ಗೇಟಲ್ಲಿ ವಾಪಸ್ ಕಳಿಸಿದ್ರಂತೆ. ಕೇಳಿ ಸಂಕಟ ಆಯ್ತು. ಮಕ್ಕಳನ್ನ ಉಪವಾಸ ಕೆಡವ್ಬೇಡಿ," ಎಂದು ಒಳಗೆ ಇಡಲು ಹೋದರು. ಮರ್ಯಾದೆ ಉಳಿಸಿಕೊಳ್ಳಲು ಅವರ ಹಿಂದೆಯೇ ಒಳಗೋಡಿದ ಚೌರಪ್ಪನ ಕಾಲ್ಬೆರಳಿಗೆ ಮಂಚದ ಕೆಳಗಿದ್ದ ಏನೋ ಬಡಿಯಿತು. ಅಯ್ಯಯ್ಯೋ ಎಂದು ಒಂಟಿ ಕಾಲಲ್ಲಿ ಕುಣಿದ. ಅದು ನಿಧಾನವಾಗಿ ಉರುಳಿಕೊಂಡು ಬಂದು ಕಲ್ಲಮ್ಮನ ಪಾದದ ಬಳಿ ನಿಂತಿತು.

ಕಲ್ಲಮ್ಮ ತಮ್ಮ ರುಬ್ಬುಗುಂಡನ್ನು ನೋಡಿದರು. ಚೌರಪ್ಪನನ್ನು ನೋಡಿದರು. ರೊಟ್ಟಿಯನ್ನು ವಾಪಸು ತೆಗೆದುಕೊಳ್ಳುವುದೋ ಬೇಡವೋ ಎಂದು ಯೋಚಿಸುತ್ತಾ ನಿಂತರು.

"ರೀತಾ!" ಚೌರಪ್ಪ ಕೂಗಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಅಲುಗಿತು.

ರೀತಾ ಕಾಪಿ ಪುಸ್ತಕ ಹಿಡಿದುಕೊಂಡೇ ಬಂದಳು. ಏಳು ಸಾಲುಗಳಲ್ಲಿ ಆರರ ಮುಂದೆ ಅಚ್ಚುಕಟ್ಟಾಗಿ ಗುರುತು ಹಾಕಿತ್ತು.

"ಇದೇನಿದು?"

"ಹೋಂವರ್ಕು ಅಪ್ಪಾ. ಏಳೂ ಹೇಳ್ಲೇಬೇಕು ಅಂದ್ರಿ. ಮಾಡದೇ ಹೇಳಿದ್ರೆ ದೊಡ್ಡ ಪಾಪ ಅಂದ್ರಿ. ಅದಕ್ಕೆ ಮಾಡಿದ್ವಿ."

"ರುಬ್ಬುಗುಂಡು ಯಾಕೇ ಕದ್ದೆ, ಸೀಬೆಕಾಯಿ ಸಿಗ್ಲಿಲ್ವಾ?" ಎಂದಳು ಜಯಶೀಲಾ, ಬಾಯಿಗೆ ಸೆರಗು ಒತ್ತಿಕೊಂಡು.

"ಕದ್ದದ್ದನ್ನ ವಾಪಸ್ ಕೊಡ್ಬೇಕು ಅಂತ ಅಪ್ಪ ಹೇಳಿದಾರಲ್ಲಮ್ಮ. ಸೀಬೆಕಾಯಿ ಇನ್ನಾಸಿ ತಿಂದ್ಬಿಡ್ತಾನೆ. ಇದಾದ್ರೆ ತಿನ್ನಕ್ಕಾಗಲ್ಲ."

ಮೊದಲು ನಕ್ಕಿದ್ದು ಕಲ್ಲಮ್ಮ. ಆಮೇಲೆ ಬಾಬು ಸಾಬ್ ಜಗುಲಿಯ ಕಂಬ ಹಿಡಿದುಕೊಂಡು ನಕ್ಕ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ಎಂದರು ಕಲ್ಲಮ್ಮ, ಕಣ್ಣೊರೆಸಿಕೊಳ್ಳುತ್ತಾ. ನಾಚಿಕೆಯಿಂದ ಎಲ್ಲಿ ನೋಡುವುದೆಂದು ತಿಳಿಯದೆ ಚೌರಪ್ಪ ಕ್ಯಾರಿಯರ್ ಮುಚ್ಚಳ ತೆಗೆದು ಒಂದು ಚೂರನ್ನು ಬಾಯಿಗೆ ಹಾಕಿಕೊಂಡ. ನುಂಗಿದ ಮೇಲೆ ಇವತ್ತು ಶುಕ್ರವಾರ ಎಂಬುದು ನೆನಪಾಯಿತು.

"ಅಪ್ಪಾ, ಒಂದೇ ಒಂದು ಉಳಿದಿದೆ," ಎಂದಳು ರೀತಾ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಹೆತ್ತವರ ಮಾತು ಮೀರಿದೆ ಅನ್ನೋದು. ಎಷ್ಟು ಯೋಚನೆ ಮಾಡಿದ್ರೂ ಆಗ್ತಿಲ್ಲ. ನೀವು ಹೇಳಿದ್ದನ್ನೆಲ್ಲ ಮಾಡ್ತಾನೇ ಇದೀವಲ್ಲ. ನಾಳೆ ಆರೇ ಆದ್ರೆ ಫಾದರ್ ಈಸ್ಟರ್‌ಗೆ ಹಾಕ್ತಾರೆ."

"ಸಾಕು, ನಿಲ್ಸು! ಇನ್ಮೇಲೆ ಒಂದೇ ಒಂದು ಪಾಪಾನೂ ಮಾಡಕೂಡದು. ಇದು ನನ್ನ ಆಜ್ಞೆ."

ರೀತಾ ಏಳನೆಯ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಅವಳ ಮುಖ ಅರಳಿತು. ಕ್ಯಾರಿಯರಿಗೆ ಕೈ ಹಾಕಿ, ಅಪ್ಪನ ಕಣ್ಣನ್ನೇ ನೋಡುತ್ತಾ ಒಂದು ಮಾಂಸದ ಚೂರನ್ನು ತಿಂದಳು. ತಮ್ಮನ ಬಾಯಿಗೂ ಒಂದು ಹಾಕಿದಳು. ಕೈ ಒರೆಸಿಕೊಂಡು, ಪೆನ್ಸಿಲ್ ತೆಗೆದು, ಏಳನೆಯ ಸಾಲಿನ ಮುಂದೆ ಗುರುತು ಹಾಕಿದಳು.

ಶನಿವಾರ ಸಂಜೆ ಚರ್ಚಿನಲ್ಲಿ ಚೌರಪ್ಪನ ಜೀವ ಅಂಗೈಯಲ್ಲಿತ್ತು. ಫಾದರ್ ಒಳಗೆ ಕೂತಿದ್ದ ಪಾಪನಿವೇದನೆಯ ಮರದ ಪೆಟ್ಟಿಗೆಯ ಬಳಿ ರೀತಾ ಮೊಣಕಾಲೂರಿದಳು. ಬಹಳ ಹೊತ್ತು ಪಿಸುಮಾತು. ನಡುವೆ ಪೆಟ್ಟಿಗೆಯೊಳಗಿಂದ ಕೆಮ್ಮು ಕೇಳಿಸಿತು, ಆಮೇಲೆ ಪೆಟ್ಟಿಗೆಯೇ ಅಲ್ಲಾಡಿತು. ಇನ್ನಾಸಿಯ ಸರದಿಯಲ್ಲೂ ಅಲ್ಲಾಡಿತು. ಮುಗಿಯಿತು, ಈಸ್ಟರೇ ಗತಿ, ನನ್ನ ಜಂಬಕ್ಕೆ ಈ ಮಗುವಿನ ಹಬ್ಬ ಹೋಯಿತು ಎಂದು ಚೌರಪ್ಪ ಕಣ್ಣು ಮುಚ್ಚಿದ. ಆಗ ಪರದೆ ಸರಿಸಿ ಫಾದರ್ ತಲೆ ಹೊರಹಾಕಿದರು.

"ನಾಳೆ ಬೆಳಿಗ್ಗೆ ಪರಮಪ್ರಸಾದಕ್ಕೆ ಏನೂ ತಿನ್ನದೆ, ಬರಿಹೊಟ್ಟೇಲಿ ಬನ್ನಿ ಮಕ್ಕಳೇ," ಎಂದರು. ಆಮೇಲೆ, "ಮುಂದಿನವರು ಯಾರು?"

ಚೌರಪ್ಪನೇ ಹೋಗಿ ಮೊಣಕಾಲೂರಿದ. "ಮಕ್ಕಳ ವಿಷಯ" ಎಂದು ಶುರುಮಾಡಿದ.

"ಮಕ್ಕಳದ್ದು ನಾನು ಮಾತಾಡೋ ಹಾಗಿಲ್ಲ. ನಿನ್ನದು ಹೇಳು," ಎಂದಿತು ಜಾಲರಿಯಾಚೆಯ ದನಿ.

ಹೇಳಿದ. ಪೂಜೆ ತಪ್ಪಿದ್ದು, ಮಕ್ಕಳನ್ನು ಗುದ್ದಿದ್ದು, ಶುಕ್ರವಾರದ ಪಲಾವು, ಬೇಲಿಯ ಮೇಲಿಂದ ಕಲ್ಲಮ್ಮನಿಗೆ ಉಪದೇಶ ಮಾಡಿದ್ದು, ಇಷ್ಟಕ್ಕೂ ಮೂಲವಾದ ಜಂಬ. ಒಂದು ಹೇಳಿದರೆ ಇನ್ನೆರಡು ನೆನಪಾಗುತ್ತಿದ್ದವು. ಹಿಂದೆ ಸಾಲು ಬಾಗಿಲ ತನಕ ಬೆಳೆಯಿತು. ಕೊನೆಗೆ ಫಾದರ್ ಪ್ರಾಯಶ್ಚಿತ್ತ ವಿಧಿಸಿದರು. ಸೋಮವಾರ ಶಾಲೆ ತೆರೆದ ಕೂಡಲೇ ಮಕ್ಕಳನ್ನು ತಾನೇ ಕೈಹಿಡಿದು ಬಿಟ್ಟು ಬರಬೇಕು. ಈಗ, ಇಲ್ಲೇ, ಹದಿನೈದು ಹತ್ತರ, ಅಂದರೆ ನೂರೈವತ್ತು 'ನಮೋ ಮರಿಯೆ'ಗಳ ಪೂರ್ತಿ ಜಪಸರವನ್ನು ಮೊಣಕಾಲ ಮೇಲೆ ಹೇಳಿ ಮುಗಿಸಬೇಕು.

ರೀತಾಳಿಗೆ ಸಿಕ್ಕಿದ್ದು ಮೂರು 'ನಮೋ ಮರಿಯೆ'. ಅವಳು ಅದನ್ನು ಎಂದೋ ಮುಗಿಸಿ ಕಾಯುತ್ತಿದ್ದಳು. ಅರ್ಧ ಗಂಟೆಯಾದರೂ ಅಪ್ಪ ಏಳದಿದ್ದಾಗ ಮೆಲ್ಲಗೆ ಬಂದು ಪಕ್ಕದಲ್ಲಿ ಮೊಣಕಾಲೂರಿ, ಅವನ ಕೈಯಲ್ಲಿ ಇನ್ನೂ ಉಳಿದಿದ್ದ ಮಣಿಗಳನ್ನು ಎಣಿಸಿದಳು. ಗುರುವಿನ ಮೇಲೆ ಅವಳಿಗಿದ್ದ ಭಕ್ತಿ ಆ ಕ್ಷಣ ಇಮ್ಮಡಿಯಾಯಿತು.

"ಇಷ್ಟೊಂದಾ ಅಪ್ಪಾ?" ಎಂದಳು ಪಿಸುದನಿಯಲ್ಲಿ. "ಅದೂ ಪಟ್ಟಿ ಇಲ್ದೇನೇ!"