ನನ್ನಕ್ಕನನ್ನು ಹೊಸಿಲಿನಿಂದಲೇ ವಾಪಸು ಕಳಿಸಿದ ಟೈಮರ್ ಸಾಹೇಬರಿಗೆ

ಮಾನ್ಯರೇ,

ಗೋಡೆಯ ಪ್ಲಗ್ಗಿನಲ್ಲಿ ವಿರಾಜಮಾನರಾಗಿ, ಇಲ್ಲದವರನ್ನು ಇದ್ದಾರೆಂದು ನಂಬಿಸುವ ತಮ್ಮ ಸನ್ನಿಧಿಗೆ ಮೂರನೇ ಮಹಡಿಯ ಹೊಲಿಗೆಯವಳ ಅನಂತ ವಂದನೆಗಳು. ತಾವು ಕ್ಷೇಮವೆಂಬುದು ತಮ್ಮ ಕೆಂಪು ದೀಪದಿಂದಲೇ ತಿಳಿಯಿತು. ನನ್ನ ಕ್ಷೇಮವನ್ನು ತಾವು ಕೇಳುವವರ ಪೈಕಿಯಲ್ಲ.

ನಾಟಕ ಕಂಪನಿಯೊಂದಕ್ಕೆ ಉಡುಪು ಹೊಲಿಯಲು ನಾನು ಎಂಟು ದಿನ ಪರವೂರಿಗೆ ಹೊರಟಾಗ, ಎಲೆಕ್ಟ್ರಿಕ್ ಅಂಗಡಿಯವರು "ಇದನ್ನ ಹಾಕಿಟ್ಟು ಹೋಗಿ, ನೀವಿಲ್ಲ ಅಂತ ಕಳ್ಳರಿರಲಿ, ನಿಮ್ಮ ಮನೆಗೇ ಗೊತ್ತಾಗಲ್ಲ" ಎಂದು ತಮ್ಮನ್ನು ನನ್ನ ಕೈಗಿತ್ತರು. ಸಂಜೆ ಆರಕ್ಕೆ ದೀಪವನ್ನೂ ರೇಡಿಯೋವನ್ನೂ ಹಚ್ಚಿ ಏಳೂವರೆಗೆ ಆರಿಸಬೇಕೆಂಬ ನನ್ನ ಅಪ್ಪಣೆಯನ್ನು ತಾವು ಒಂದು ದಿನವೂ ತಪ್ಪದೆ ಪಾಲಿಸಿದಿರಿ. ಇಂಥ ನಿಷ್ಠೆಯನ್ನು ನಾನು ನನ್ನ ಹೊಲಿಗೆ ಯಂತ್ರದಲ್ಲೂ ಕಂಡಿಲ್ಲ.

ನನ್ನ ದುರದೃಷ್ಟಕ್ಕೆ, ಅಳತೆ ತಪ್ಪಿದ ಒಂದು ರವಿಕೆಯ ನೆಪದಲ್ಲಿ ಎರಡು ವರ್ಷ ಮಾತು ಬಿಟ್ಟಿದ್ದ ನನ್ನ ಅಕ್ಕ, ರಾಜಿಯಾಗಲು ಆರಿಸಿಕೊಂಡದ್ದು ಆ ಎಂಟರಲ್ಲಿ ಐದನೇ ದಿನವನ್ನು. ನೋಯುವ ಮೊಣಕಾಲು ಎಳೆದುಕೊಂಡು ಮೂರು ಮಹಡಿ ಹತ್ತಿ ಅವಳು ಬಾಗಿಲು ತಟ್ಟಿದಾಗ, ಒಳಗೆ ತಮ್ಮ ಕೃಪೆಯಿಂದ ಹಾಸ್ಯ ಕಾರ್ಯಕ್ರಮದ ಜನ ಬಿದ್ದು ಬಿದ್ದು ನಗುತ್ತಿದ್ದರು. ಅವಳು "ನಾನು ಕಣೇ, ಬಾಗಿಲು ತೆಗಿ" ಎಂದು ಕೂಗಿದ್ದೂ, ಏಳೂವರೆಯಾದದ್ದೂ, ತಾವು ದೀಪ ಆರಿಸಿ ಮನೆಯನ್ನು ಗಪ್ಪೆನಿಸಿದ್ದೂ ಒಂದೇ ಗಳಿಗೆಯಲ್ಲಿ! ಬೇಕೆಂದು ಅವಮಾನ ಮಾಡಲು ಹೊರಟಿದ್ದರೂ ನನಗೆ ಇಷ್ಟು ಅಚ್ಚುಕಟ್ಟಾಗಿ ಬರುತ್ತಿರಲಿಲ್ಲ.

ನಾನು ಮರಳಿದೊಡನೆ ಕೆಳಮನೆಯ ನಿವೃತ್ತ ಅಂಚೆಯಣ್ಣ, "ನಿಮ್ಮಕ್ಕ ಕಣ್ಣು ಒರೆಸ್ಕೊಂಡು ಇಳಿದು ಹೋದ್ರಮ್ಮ. ನೀವು ಮನೇಲೇ ಇದ್ದೀರಿ ಅಂತ ನಾನೇ ಮೇಲೆ ಕಳಿಸಿದ್ದೆ" ಎಂದು ಪೆಚ್ಚುಮೋರೆ ಹಾಕಿಕೊಂಡು ಹೇಳಿದರು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ತಮ್ಮನ್ನು ಪ್ಲಗ್ಗಿನಿಂದ ಕಿತ್ತುಕೊಂಡು ಅವಳ ಮನೆಗೆ ಓಡಿದೆ. ನಾನು ಊರಲ್ಲೇ ಇರಲಿಲ್ಲವೆಂದರೆ ಅಕ್ಕ ಅರ್ಧ ಬಾಗಿಲಲ್ಲೇ ನಿಂತು, "ಹಾಗಾದ್ರೆ ನಗ್ತಿದ್ದವಳು ಯಾರೇ?" ಎಂದಳು. ಸಾಕ್ಷಿ ಹೇಳಲು ತಮ್ಮನ್ನೇ ಅವಳ ಮೇಜಿನ ದೀಪಕ್ಕೆ ಸಿಕ್ಕಿಸಿ, "ಐದೇ ನಿಮಿಷ ಕೂತ್ಕೋ, ತಾನಾಗೇ ಆರುತ್ತೆ" ಎಂದೆ.

ತಾವು ಆರಲಿಲ್ಲ. ಅವಸರದಲ್ಲಿ ನಾನು ಮುಳ್ಳನ್ನು ಎಲ್ಲಿಗೆ ತಿರುಗಿಸಿದ್ದೆನೋ, ಮುಕ್ಕಾಲು ಗಂಟೆ ತಾವು ಉರಿಯುತ್ತಲೇ ಇದ್ದಿರಿ. ಎದುರುಬದುರು ಕೂತು ದೀಪವನ್ನೇ ಎಷ್ಟು ಹೊತ್ತು ದಿಟ್ಟಿಸುವುದು? ಮೊದಲು ಅವಳು ಮೊಣಕಾಲಿನ ಸುದ್ದಿ ತೆಗೆದಳು, ಆಮೇಲೆ ನಾನು ಒಬ್ಬಳೇ ಊಟ ಮಾಡುವ ಬೇಸರವನ್ನು ಹೇಳಿಕೊಂಡೆ. ಕೊನೆಗೆ ತಾವು ಆರಿದಾಗ ಇಬ್ಬರೂ ಎದ್ದು ದೀಪ ಹಚ್ಚಲಿಲ್ಲ. ಕತ್ತಲಲ್ಲೇ ಮಾತು ಸಾಗಿತ್ತು.

ಆದಕಾರಣ ಇನ್ನು ಮುಂದೆ ಕಳ್ಳರಿಗೂ ಒಡಹುಟ್ಟಿದವರಿಗೂ ವ್ಯತ್ಯಾಸ ಗುರುತಿಸಿ, ಎರಡನೆಯವರಿಗೆ ಬಾಗಿಲು ತೆಗೆದು, ಕುರ್ಚಿ ಎಳೆದು, ಒಂದು ಲೋಟ ನೀರು ಕೊಟ್ಟು ಕೂರಿಸಬೇಕಾಗಿ ವಿನಯಪೂರ್ವಕ ಕೋರಿಕೆ.

ಇದ್ದರೂ ಇಲ್ಲದಿದ್ದರೂ ತಮ್ಮ ವಿಶ್ವಾಸಿಯೇ ಆದ,
ಮೂರನೇ ಮಹಡಿಯ ಹೊಲಿಗೆಯವಳು

ತಾ.ಕ.: ಭಾನುವಾರ ಅಕ್ಕನ ಮನೆಗೆ ಅವಳ ನಾದಿನಿ ಬರುತ್ತಾಳಂತೆ. ಮನೆತುಂಬ ಜನರಿದ್ದೂ ಯಾರೂ ಇಲ್ಲದಂತೆ ತೋರಿಸಲು ತಮ್ಮಿಂದಾದೀತೇ ಎಂದು ಅಕ್ಕ ವಿಚಾರಿಸುತ್ತಿದ್ದಾಳೆ.